ಫಲೋದಿಗೆ ಹೊರಟ ಮೊಮ್ಮಗಳಿಗೆ

ತಾಯೀ,

ಮೊನ್ನೆ ನೀನು ಫೋನಿನಲ್ಲಿ "ಅಜ್ಜಾ, ಕೆಲಸ ಸಿಕ್ತು, ಫಲೋದಿಗೆ ಹೊರಟೆ, ಊರನ್ನ ಹಸಿರು ಮಾಡೋ ಕೆಲಸ" ಅಂದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಲೈನ್ ಕಟ್ಟಾಯಿತೇನೋ ಎಂದು ನೀನು ಎರಡು ಸಲ ಹಲೋ ಅಂದೆ. ಕಟ್ಟಾಗಿರಲಿಲ್ಲ. ಇಪ್ಪತ್ತೆರಡು ವರ್ಷ ರಾಜಸ್ಥಾನದ ಆ ಸೀಮೆಯಲ್ಲಿ ಮಣ್ಣಿನ ಸಮೀಕ್ಷೆ ಮಾಡಿಕೊಂಡಿದ್ದವನು ನಾನು. ಜೋಧಪುರದಿಂದ ಜೈಸಲ್ಮೇರಿಗೆ ಹೋಗುವ ರೈಲು, ಫಲೋದಿಯ ಹಳೆಯ ಹವೇಲಿಗಳು, ಉಪ್ಪಿನ ಬಯಲು, ಮಧ್ಯಾಹ್ನ ಮುಖಕ್ಕೆ ಬಡಿಯುವ ಲೂ ಗಾಳಿ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಫೋನಿನಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಓದು ಮುಗಿಸಿ ಇಂಥದೇ ಕೆಲಸಕ್ಕೆ ಹೊರಟಿರುವ ನಿನ್ನ ಓರಗೆಯವರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಭಾರತದಲ್ಲಿ ಅಧಿಕೃತವಾಗಿ ಅಳೆದ ಉಷ್ಣಾಂಶಗಳಲ್ಲಿ ಅದೇ ಅತಿ ಹೆಚ್ಚಿನದು. ನಾವು ರಾಯಚೂರಿನವರು ಬಿಸಿಲಿಗೆ ಹೆದರುವವರಲ್ಲ ಎಂದು ನೀನು ನಗುತ್ತ ಹೇಳಿದೆ. ಆದರೆ ಹವಾಮಾನದವರ ಉಷ್ಣಮಾಪಕ ಇರುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ. ಅಂದರೆ ಆ 51 ನೆರಳಿನ ಲೆಕ್ಕ. ಬಿಸಿಲಲ್ಲಿ ನಿಂತು ರಸ್ತೆಗೆ ಡಾಂಬರು ಹಾಕುವವನ ಮೈಗೆ, ಉಪ್ಪಿನ ಮಡಿಯಲ್ಲಿ ಬರಿಗಾಲಲ್ಲಿ ಉಪ್ಪು ಎಳೆಯುವವಳ ಮೈಗೆ ಎಷ್ಟು ತಾಗಿತು ಎಂಬುದನ್ನು ಯಾವ ಪೆಟ್ಟಿಗೆಯೂ ಬರೆದುಕೊಳ್ಳಲಿಲ್ಲ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಹಳ ಬಿಸಿಯಾದ ಮೇಲೆ ಫ್ಯಾನು ಬಿಸಿಗಾಳಿಯನ್ನೇ ಮೈಮೇಲೆ ಸುರಿಯುತ್ತದೆ. ಆಮೇಲೆ ದೇಹವನ್ನು ಕಾಯುವುದು ಬೆವರೊಂದೇ, ಬೆವರಿಗೆ ನೀರು ಬೇಕು, ಆ ಊರಿನ ಬಡವರ ಮನೆಯಲ್ಲಿ ಕೊರತೆ ಇರುವುದೇ ನೀರಿಗೆ. ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತು ಫಲೋದಿಯಲ್ಲಿ ಇಷ್ಟು ಸಣ್ಣದಾಗಿ, ಒಂದು ಕೊಡದ ಲೆಕ್ಕದಲ್ಲಿ ಬಾಗಿಲಿಗೆ ಬರುತ್ತದೆ. ನಿನ್ನ ಕೆಲಸವನ್ನು ಈ ಕೊಡದಿಂದಲೇ ಶುರುಮಾಡು ಎಂಬುದು ನನ್ನ ಆಸೆ.

ನೀನು ಹೋದ ವಾರದೊಳಗೇ ಗಿಡ ನೆಡಲು ಹೇಳುತ್ತಾರೆ. ದಯವಿಟ್ಟು ಆತುರ ಬೇಡ. ಒಂದು ಮಳೆಗಾಲವನ್ನಾದರೂ ಕಣ್ಣಾರೆ ನೋಡು. ಇದನ್ನು ನಾನು ಹೇಳುವುದು ಒಂದು ತಪ್ಪು ಮಾಡಿದವನಾಗಿ.

ನಾನು ಅಲ್ಲಿಗೆ ಹೋದ ಮೂರನೇ ವರ್ಷ ಒಂದು ಹಳ್ಳಿಯ ಹೊರಗೆ ವಿಶಾಲವಾದ ಬೋಳು ಇಳಿಜಾರು ಕಂಡಿತು. ಗಟ್ಟಿ ನೆಲ, ಒಂದು ಪೊದೆಯೂ ಇಲ್ಲ. ದಾಖಲೆಯಲ್ಲಿ ಬಂಜರು ಎಂದು ಬರೆದಿತ್ತು. ನಾವು ಅಡ್ಡಡ್ಡ ಕಾಲುವೆ ತೋಡಿಸಿ, ಸಾಲಾಗಿ ಗುಂಡಿ ಹೊಡೆಸಿ ಸಸಿ ನೆಡಿಸಿದೆವು. ಗುಂಡಿ ತೋಡಿದವರಿಗೆ ಕೂಲಿ ಸಿಕ್ಕಿತು, ನಮಗೆ ಶಹಬ್ಬಾಸ್ ಸಿಕ್ಕಿತು. ಆ ವರ್ಷ ಮಳೆ ಮಾಮೂಲಿನಷ್ಟೇ ಬಂತು. ಆದರೂ ಇಳಿಜಾರಿನ ಕೆಳಗಿದ್ದ ನಾಡಿ ತುಂಬಲಿಲ್ಲ. ಮಳೆನೀರು ಕೂಡಿಡುವ ಊರಕಟ್ಟೆಗೆ ಅಲ್ಲಿ ನಾಡಿ ಅನ್ನುತ್ತಾರೆ, ಅದಕ್ಕೆ ನೀರು ಹರಿದು ಬರುವ ಬಯಲಿಗೆ ಆಗೋರ್ ಅನ್ನುತ್ತಾರೆ. ನಾವು ಬಂಜರು ಎಂದುಕೊಂಡದ್ದು ಆ ಊರಿನ ಆಗೋರ್ ಆಗಿತ್ತು. ಅದನ್ನು ಬೋಳಾಗಿ, ಗಟ್ಟಿಯಾಗಿ, ಶುಚಿಯಾಗಿ ಇಟ್ಟುಕೊಂಡು ಬಂದವರು ಅವರೇ. ಹಿಂದೆ ಅಲ್ಲಿಗೆ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ, ದನ ಬಿಡುತ್ತಿರಲಿಲ್ಲ. ನಮ್ಮ ಕಾಲುವೆ ಆ ನೀರನ್ನೆಲ್ಲ ದಾರಿಯಲ್ಲೇ ಹೀರಿಕೊಂಡಿತು. ಫೆಬ್ರುವರಿ ಬರುವ ಹೊತ್ತಿಗೆ ನಾಡಿ ಒಣಗಿ, ಕುರಿಗಳನ್ನು ಹೊಡೆದುಕೊಂಡು ಜನ ಬೇಗನೆ ಊರು ಬಿಟ್ಟರು. ಒಬ್ಬ ಮುದುಕ ಕುರಿಗಾಹಿ ನನ್ನ ಹತ್ತಿರ ಬಂದು, ಸಿಟ್ಟಿಲ್ಲದೆ ಕೇಳಿದ: "ನೀರಿನ ಅಂಗಳದಲ್ಲಿ ಗುಂಡಿ ತೋಡಿದಿರಿ ಸಾಹೇಬರೇ, ಇನ್ನು ನೀರು ಮನೆಗೆ ಹೇಗೆ ಬರಬೇಕು?"

ಮರುವರ್ಷ ಗುಂಡಿ ಮುಚ್ಚಿಸಿದೆವು. ನೆಲ ಮೊದಲಿನಷ್ಟು ಗಟ್ಟಿಯಾಗಲು ಬಹಳ ಕಾಲ ಹಿಡಿಯಿತು. ಆ ಮುದುಕನ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಮರುಭೂಮಿಯನ್ನು ಕಾಡು ಕಳೆದುಕೊಂಡ ಜಾಗ ಎಂದು ನೋಡಬೇಡ. ಅದು ತನ್ನಷ್ಟಕ್ಕೆ ತಾನೇ ಪೂರ್ಣವಾದ ನೆಲ. ಅಲ್ಲಿನ ಕೆಲವು ಜಾಗ ಬೋಳಾಗಿದ್ದರೇ ಊರು ಬದುಕುತ್ತದೆ. ಕೆಲವು ಜಾಗದಲ್ಲಿ ಹುಲ್ಲು ಮಾತ್ರ ಇರಬೇಕು. ಸೇವಣ್ ಎಂಬ ಹುಲ್ಲಿದೆ. ಒಮ್ಮೆ ಬೇರುಬಿಟ್ಟರೆ ವರ್ಷಗಟ್ಟಲೆ ಉಳಿದು ಮರಳನ್ನು ಹಿಡಿದಿಡುತ್ತದೆ, ದನಕರುಗಳಿಗೆ ಅದೇ ಮೇವು. ಅದನ್ನು ಅಗೆದು ಮರ ನೆಡುವುದು ಹಸಿರು ಕೆಲಸ ಎನಿಸಿಕೊಳ್ಳುವುದಿಲ್ಲ. ಇನ್ನು ಓರಣ್‌ಗಳು. ನಮ್ಮ ಕೊಡಗಿನ ದೇವರಕಾಡು ಇದ್ದ ಹಾಗೆ ದೇವರ ಹೆಸರಿನಲ್ಲಿ ಬಿಟ್ಟ ಕುರುಚಲು ಕಾಡು, ಹುಲ್ಲುಗಾವಲು. ಕೊಡಲಿ ತಾಗಿಸುವಂತಿಲ್ಲ, ಮೇಯಿಸಬಹುದು. ಇವು ಕಂದಾಯ ದಾಖಲೆಯಲ್ಲಿ ಎಷ್ಟೋ ಕಡೆ ಪಾಳು ಎಂದೇ ಇವೆ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ರಾಜಸ್ಥಾನದ ಓರಣ್‌ಗಳನ್ನು ಸಮೀಕ್ಷೆ ಮಾಡಿ, ನಕ್ಷೆ ಬರೆದು, ಕಾನೂನಿನ ರಕ್ಷಣೆ ಕೊಡಿ ಎಂದು ಆದೇಶ ಮಾಡಿದೆ. ಆದೇಶ ಕಾಗದದಲ್ಲಿದೆ, ಓರಣ್ ನೆಲದಲ್ಲಿದೆ. ಎರಡನ್ನೂ ಕೂಡಿಸುವುದಕ್ಕೆ ಹಳ್ಳಿಯವರ ಜೊತೆ ನಡೆದು ಗಡಿ ಗುರುತಿಸುವ ಕಾಲುಗಳು ಬೇಕು. ನಿನ್ನ ವಯಸ್ಸಿನವರಿಗೆ ಅಂಥ ಕಾಲುಗಳಿವೆ. ಒಂದು ಪಾರ್ಕು ಮಾಡುವುದಕ್ಕಿಂತ ಒಂದು ಓರಣನ್ನು ದಾಖಲೆಗೆ ಸೇರಿಸುವುದು ದೊಡ್ಡ ಕೆಲಸ ಎಂದೇ ನಾನು ತಿಳಿದಿದ್ದೇನೆ.

ನೀರಿನ ಮಾತು ಹೇಳುತ್ತೇನೆ, ಇದನ್ನು ಮನಸ್ಸಿಟ್ಟು ಓದು. ಅನುಪಮ್ ಮಿಶ್ರ ಎಂಬ ದೊಡ್ಡ ಮನುಷ್ಯ ಈ ಸೀಮೆಯ ನೀರಿನ ವಿದ್ಯೆಯ ಬಗ್ಗೆ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಎಂಬ ಹಿಂದಿ ಪುಸ್ತಕ ಬರೆದರು, 1995ರಲ್ಲಿ. ರೈಲಿನಲ್ಲಿ ಅದನ್ನು ಓದಿಕೊಂಡು ಹೋಗು. ಅಲ್ಲಿನವರು ನೀರನ್ನು ಮೂರಾಗಿ ವಿಂಗಡಿಸುತ್ತಾರೆ. ಆಕಾಶದಿಂದ ಬಿದ್ದು ಟಾಂಕಾದಲ್ಲಿ, ನಾಡಿಯಲ್ಲಿ ನಿಂತದ್ದು ಪಾಲರ್ ಪಾನಿ. ಆಳದ ಬಾವಿಯದು ಪಾತಾಳ್ ಪಾನಿ, ಅದು ಬಹಳ ಕಡೆ ಉಪ್ಪು, ಫ್ಲೋರೈಡ್ ಕೂಡ ಇರುತ್ತದೆ. ಇವೆರಡರ ನಡುವೆ ರೇಜಾಣಿ ಪಾನಿ. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ಮಿನ ಒಂದು ಪದರ ಹಾಸಿರುತ್ತದೆ. ಮಳೆಯ ತೇವ ಅದನ್ನು ದಾಟಿ ಕೆಳಗಿನ ಉಪ್ಪುನೀರಿಗೆ ಸೇರದೆ ಮರಳಿನಲ್ಲೇ ಉಳಿಯುತ್ತದೆ. ಅಲ್ಲಿ ಬೇರಿ ಎಂಬ ಕಿರಿದಾದ ಬಾವಿ ತೋಡಿದರೆ ಸುತ್ತಲಿನ ಮರಳಿನಿಂದ ಸಿಹಿನೀರು ಹನಿಹನಿಯಾಗಿ ಒಸರುತ್ತದೆ. ರಾತ್ರಿಯೆಲ್ಲ ಒಸರಿದ್ದನ್ನು ಬೆಳಿಗ್ಗೆ ಸೇದುತ್ತಾರೆ.

ಆ ಪದರವೇ ಒಮ್ಮೆ ಊರು ಮುಳುಗಿಸಿತು. 2006ರ ಆಗಸ್ಟಿನಲ್ಲಿ ಬಾಡ್ಮೇರ್ ಕಡೆ ಒಂದು ವರ್ಷದ ಮಳೆಗಿಂತ ಹೆಚ್ಚು ಮಳೆ ಮೂರೇ ದಿನದಲ್ಲಿ ಬಂತು. ಕವಾಸ್ ಎಂಬ ಊರಿನ ಮನೆಗಳ ಮೇಲೆ ನೀರು ನಿಂತಿತು. ನೂರಕ್ಕೂ ಹೆಚ್ಚು ಜನ ಆ ಪ್ರವಾಹದಲ್ಲಿ ಸತ್ತರು. ಮರಳುನೆಲ, ಇಂಗಿಹೋಗುತ್ತದೆ ಎಂದುಕೊಂಡರೆ, ಕೆಳಗಿನ ಜಿಪ್ಸಮ್ ಪದರ ನೀರನ್ನು ಬಿಡಲಿಲ್ಲ. ತಿಂಗಳುಗಟ್ಟಲೆ ಕವಾಸ್ ಕೆರೆಯಾಗಿತ್ತು. ಮರುಭೂಮಿಯ ಊರಿಗೆ ಬಂದವರು ಬಿಸಿಲನ್ನು, ಬರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನೀನು ನೆರೆಯನ್ನೂ ಲೆಕ್ಕಕ್ಕೆ ತೆಗೆದುಕೋ. ತಗ್ಗು ಎಲ್ಲಿದೆ, ಒಣಗಿದ ಹಳ್ಳದ ಹಾದಿ ಎಲ್ಲಿದೆ, ಅದರ ಮೇಲೆ ಯಾರು ಮನೆ ಕಟ್ಟಿಕೊಂಡಿದ್ದಾರೆ ನೋಡು. ಸಾಮಾನ್ಯವಾಗಿ ಕಟ್ಟಿಕೊಂಡವರು ಬೇರೆಲ್ಲೂ ಜಾಗ ಸಿಗದವರೇ. ಅವರಿಗೆ ಎತ್ತರದಲ್ಲಿ ಜಾಗ ಕೊಡಿಸಿ, ಆ ತಗ್ಗನ್ನು ಬಯಲಾಗಿ ಬಿಡಿಸಿದರೆ, ಒಳ್ಳೆಯ ವರ್ಷ ಅದು ಮಕ್ಕಳ ಆಟದ ಬಯಲು, ಕೆಟ್ಟ ವರ್ಷ ನೀರಿಗೆ ದಾರಿ. ಊರಿನ ಹಸಿರು ಜಾಗದ ನಕ್ಷೆ ಬರೆಯುವಾಗ ಇಂಥದನ್ನು ಮೊದಲು ಬರೆ. ಎತ್ತರದ ಬಡಾವಣೆಯ ಉದ್ಯಾನ ಆಮೇಲೆ ಬರಲಿ.

ಟಾಂಕಾ ಎಂದೆನಲ್ಲ, ಅದು ಮನೆಯ ಅಂಗಳದಲ್ಲೋ ಹೊಲದಲ್ಲೋ ನೆಲದೊಳಗೆ ಕಟ್ಟಿ ಮುಚ್ಚಿದ ನೀರಿನ ತೊಟ್ಟಿ. ಅದರ ಲೆಕ್ಕ ಬಲು ಸರಳ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐವತ್ತು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 200 ಮಿಲಿಮೀಟರ್ ಬಿದ್ದರೆ ಹತ್ತು ಸಾವಿರ ಲೀಟರ್. ಮೊದಲ ಮಳೆಯ ಕೊಳೆ ನೀರು ಬಿಟ್ಟು, ಸೋರಿದ್ದು ಆವಿಯಾದದ್ದು ಕಳೆದು, ಎಂಟು ಸಾವಿರ ಉಳಿಯಿತೆನ್ನು. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ ಇಪ್ಪತ್ತೈದು ಲೀಟರ್ ಹಿಡಿದರೆ ಹತ್ತು ತಿಂಗಳಿಗೂ ಮಿಕ್ಕಿ ಬರುತ್ತದೆ. ಅಲ್ಲಿನ ಮಳೆ ನಮ್ಮ ರಾಯಚೂರಿನ ಅರ್ಧಕ್ಕೂ ಮುಟ್ಟುವುದಿಲ್ಲ, ಆದರೂ ಲೆಕ್ಕ ಕೂಡುತ್ತದೆ. ಕೊಳವೆಯಲ್ಲಿ ನೀರು ಬಂದಮೇಲೆ ಊರೊಳಗೆ ಎಷ್ಟೋ ಟಾಂಕಾಗಳು ಹಾಳುಬಿದ್ದಿವೆ, ಕೆಲವು ಕಸದ ಗುಂಡಿಗಳಾಗಿವೆ. ಹೊಸದು ಕಟ್ಟುವುದಕ್ಕಿಂತ ಮೊದಲು ಅವುಗಳ ಹೂಳೆತ್ತಿಸು. ಇದಕ್ಕೆ ಉದ್ಘಾಟನೆ ಇರುವುದಿಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲ. ಮೇ ತಿಂಗಳಲ್ಲಿ ಟ್ಯಾಂಕರಿಗಾಗಿ ಕಾಯುವ ಹೆಂಗಸು ಮಾತ್ರ ನಿನ್ನನ್ನು ಮರೆಯುವುದಿಲ್ಲ.

ಈಗ ಮರದ ಮಾತು. ನಿನಗೆ ಅಲ್ಲಿ ಒಂದು ಮರ ಪರಿಚಯದ್ದೇ ಸಿಗುತ್ತದೆ. ಖೇಜಡಿ ಎನ್ನುತ್ತಾರೆ, ನಮ್ಮ ಬನ್ನಿ ಅದು. ವಿಜಯದಶಮಿಯ ದಿನ ಕೈಯಲ್ಲಿಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವಲ್ಲ, ಅದೇ ಎಲೆ. ನಮಗೆ ವರ್ಷಕ್ಕೊಮ್ಮೆ ಬಂಗಾರ, ಅವರಿಗೆ ದಿನವೂ. ಸುತ್ತ ಎಲ್ಲ ಒಣಗಿದ ಬೇಸಿಗೆಯಲ್ಲಿ ಅದು ಚಿಗುರುತ್ತದೆ. ಬೇರು ಬಹಳ ಆಳಕ್ಕೆ ಹೋಗುವುದರಿಂದ ಅದರ ಬುಡದಲ್ಲಿ ಸಜ್ಜೆ ಚೆನ್ನಾಗಿ ಬರುತ್ತದೆ. ಸೊಪ್ಪು ಮೇಕೆಗೆ, ಒಂಟೆಗೆ. ಎಳೆಕಾಯಿ ಒಣಗಿಸಿದರೆ ಸಾಂಗ್ರಿ, ಮನೆಮನೆಯ ಪಲ್ಯ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅರಮನೆಯ ಕೆಲಸಕ್ಕೆ ಈ ಮರ ಕಡಿಯಲು ಬಂದಾಗ ಬಿಷ್ಣೋಯಿ ಪಂಥದ ಅಮೃತಾದೇವಿ ಮರ ತಬ್ಬಿ ನಿಂತಳು. ಅವಳೂ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಆ ಜನ ಇವತ್ತಿಗೂ ಅಲ್ಲೇ ನಿನ್ನ ನೆರೆಹೊರೆಯಲ್ಲಿ ಇರುತ್ತಾರೆ. ಮರದ ಬಗ್ಗೆ ಅವರಿಗೆ ಪಾಠ ಹೇಳಲು ಹೋಗಬೇಡ, ಕೇಳಿಸಿಕೊಳ್ಳಲು ಹೋಗು.

ಇನ್ನೊಂದು ಪರಿಚಯದ ಮುಖವೂ ಸಿಗುತ್ತದೆ, ಬಳ್ಳಾರಿ ಜಾಲಿ. ಅಲ್ಲಿ ಬಾವಳಿಯಾ ಎನ್ನುತ್ತಾರೆ. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಮರವನ್ನು ಮರುಭೂಮಿಯನ್ನು ಬೇಗ ಹಸಿರು ಮಾಡಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಹರಡಿದರು. 1930ರ ದಶಕದಲ್ಲಿ ಜೋಧಪುರದ ಮಹಾರಾಜರು ವಿಮಾನದಿಂದ ಬೀಜ ಉದುರಿಸಿದರು. ಹಸಿರು ಬಂತು ನಿಜ. ಬಡವರಿಗೆ ಸೌದೆ ಸಿಕ್ಕಿದ್ದೂ ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಅದರ ಪೊದೆಯಡಿ ಹುಲ್ಲು ಬೆಳೆಯಲಿಲ್ಲ, ಊರಿನ ಮರಗಳು ಹಿಂದೆ ಸರಿದವು, ಗೋಮಾಳ ಮುಳ್ಳಾಯಿತು. ನಮ್ಮ ತುಂಗಭದ್ರೆಯ ಸೀಮೆಯ ಕೆರೆಯಂಗಳಗಳನ್ನು ನೋಡಿ ಬೆಳೆದವಳು ನೀನು, ಹೆಚ್ಚು ಹೇಳಬೇಕಿಲ್ಲ.

ಜೋಧಪುರದಲ್ಲಿ ಇಳಿದಾಗ ಒಂದು ದಿನ ಉಳಿದು ಮೆಹರಾನ್‌ಗಢ ಕೋಟೆಯ ಬುಡದಲ್ಲಿರುವ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನಕ್ಕೆ ಹೋಗಿ ಬಾ. ಸುಮಾರು 70 ಹೆಕ್ಟೇರ್ ಬಂಡೆನೆಲ, ಎಲ್ಲ ಬಾವಳಿಯಾ ನುಂಗಿಹಾಕಿತ್ತು. 2006ರಿಂದ ಪ್ರದೀಪ್ ಕೃಷನ್ ಅವರ ಮುಂದಾಳ್ತನದಲ್ಲಿ ಅದನ್ನು ಕಿತ್ತು ಆ ನೆಲದ ಗಿಡಗಳನ್ನು ತಂದರು. ಮೇಲೆ ಕಡಿದರೆ ಬಾವಳಿಯಾ ಮತ್ತೆ ಚಿಗುರುತ್ತದೆ, ಬೇರು ಬಂಡೆಯ ಸೀಳಿನೊಳಗಿದೆ. ಯಂತ್ರ ಹಾಕಿದರೂ ಆಗಲಿಲ್ಲ, ಮದ್ದು ಹಾಕಿದರೂ ಆಗಲಿಲ್ಲ. ಕೊನೆಗೆ ಕೆಲಸ ಮಾಡಿಕೊಟ್ಟವರು ಖಂಡವಾಲಿಯಾಗಳು, ತಲೆತಲಾಂತರದಿಂದ ಕಲ್ಲುಗಣಿಯಲ್ಲಿ ದುಡಿದವರು. ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ ಸದ್ದು ಕೇಳಿಯೇ ಎಲ್ಲಿ ಬಿರುಕಿದೆ ಎಂದು ಹೇಳಬಲ್ಲವರು. ಅವರು ಬೇರು ಬಿಡಿಸಿದ ಗುಂಡಿಯೇ ಹೊಸ ಗಿಡಕ್ಕೆ ಮನೆಯಾಯಿತು. ನಿನ್ನ ಊರಿನಲ್ಲೂ ಅಂಥ ಕಿವಿಯುಳ್ಳವರು ಇರುತ್ತಾರೆ, ನಿನ್ನ ಸಭೆಗೆ ಯಾರೂ ಅವರನ್ನು ಕರೆದಿರುವುದಿಲ್ಲ ಅಷ್ಟೆ. ಅವರಿಗೆ ದಿನಗೂಲಿಯ ಜೊತೆ ಸಲಹೆಗಾರರ ಸ್ಥಾನವನ್ನೂ ಕೊಡು.

ಲಾನ್ ಬೇಡ. ಈ ಒಂದು ವಿಷಯದಲ್ಲಿ ಹಟ ಮಾಡು. ಕುಡಿಯುವ ನೀರನ್ನು ಹುಲ್ಲಿಗೆ ಸುರಿದು, ನೆರಳಿಲ್ಲದ ಹಸಿರು ಚಾಪೆ ಹಾಸಿ, ಗೇಟಿಗೆ ಬೀಗ ಹಾಕಿದರೆ ಅದರಿಂದ ಬಡವರಿಗೆ ಬರುವುದು ಏನೂ ಇಲ್ಲ. ಬನ್ನಿ, ರೋಹಿಡಾ, ಕೇರ್, ಜಾಲ್, ಕುಮಟ್, ಬೋರೆ, ನಮ್ಮ ಚಳ್ಳೆಹಣ್ಣಿನ ಮರವಾದ ಗೂಂದಾ, ಇವುಗಳನ್ನು ಕೂಡಿಸಿ ನೆಡು. ಇವುಗಳಲ್ಲಿ ಹೆಚ್ಚಿನವು ತಿನ್ನಲು ಏನಾದರೂ ಕೊಡುತ್ತವೆ. ಬೇಗ ಬೆಳೆಯುವುದಿಲ್ಲ ಎಂದು ನಿನ್ನ ಮೇಲಿನವರು ಗೊಣಗುತ್ತಾರೆ. ಬನ್ನಿ ನಿಧಾನವೇ. ನೆಟ್ಟವರ ಮಕ್ಕಳು ಅದರ ನೆರಳಲ್ಲಿ ಕೂರುತ್ತಾರೆ ಎಂದು ಸ್ಪಷ್ಟವಾಗಿ ಹೇಳಿಬಿಡು. ಅಷ್ಟರವರೆಗೆ ಕಂಬ ನೆಟ್ಟು ಬಟ್ಟೆಯದೋ ಗರಿಯದೋ ಚಪ್ಪರ ಹಾಕಿಸು. ಮರ ದೊಡ್ಡದಾಗುವ ತನಕ ಜನ ಬಿಸಿಲಲ್ಲಿ ಕಾಯಬೇಕಾಗಿಲ್ಲ.

ಸೀಕರ್ ಜಿಲ್ಲೆಯ ರೈತ ಸುಂದರಾಮ್ ವರ್ಮಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಒಂದು ಗಿಡವನ್ನು ಒಂದೇ ಲೀಟರ್ ನೀರಿನಲ್ಲಿ ಬದುಕಿಸುವ ಕ್ರಮ ಅವರದು. ಮೊದಲ ಮಳೆಯಾದ ಮೇಲೆ ಒಮ್ಮೆ, ಮಳೆಗಾಲ ಮುಗಿಯುವ ಮುನ್ನ ಇನ್ನೊಮ್ಮೆ ನೆಲವನ್ನು ಆಳವಾಗಿ ಉಳುತ್ತಾರೆ. ಕಳೆ ಸಾಯುತ್ತದೆ, ಕೆಳಗಿನ ತೇವ ಮೇಲೇರಿ ಆರಿಹೋಗುವ ಸಣ್ಣ ಸಣ್ಣ ದಾರಿಗಳು ಮುರಿಯುತ್ತವೆ. ಆಮೇಲೆ ಸಸಿಯನ್ನು ಆಳಕ್ಕೆ ನೆಟ್ಟು ಒಂದು ಲೀಟರ್ ನೀರು ಹಾಕುತ್ತಾರೆ. ಅವರ ತೋಟಕ್ಕೆ ಹೋಗಿ ನೋಡು. ಆದರೆ ಸೀಕರಿನ ಮಳೆ ಫಲೋದಿಗಿಂತ ಹೆಚ್ಚು, ಆದ್ದರಿಂದ ಹಾಗೇ ಎತ್ತಿ ತರಬೇಡ. ಮೊದಲು ಹತ್ತು ಗಿಡಕ್ಕೆ ಮಾಡು. ಮತ್ತೆ, ನೆಟ್ಟ ಸಂಖ್ಯೆ ಕೇಳಿದವರಿಗೆ ಮೂರನೇ ಬೇಸಿಗೆ ದಾಟಿ ಉಳಿದ ಸಂಖ್ಯೆಯನ್ನೇ ಕೊಡು. ಅದು ಸಣ್ಣದಿದ್ದರೂ ಸರಿ.

ಬಡವರ ಮಾತಿಗೆ ಬರುತ್ತೇನೆ. ನಿನ್ನನ್ನು ಕಳಿಸುತ್ತಿರುವುದೇ ಅದಕ್ಕೆ. ಫಲೋದಿ 2023ರಲ್ಲಿ ಜಿಲ್ಲಾಕೇಂದ್ರವಾಯಿತು. ಕಚೇರಿಗಳು ಬರುತ್ತವೆ, ಕಚೇರಿಗಳ ಮುಂದೆ ಅಲಂಕಾರದ ತೋಟ ಬೇಕೆನ್ನುತ್ತಾರೆ. ನೀನು ಮಾತ್ರ ಊರು ಸುತ್ತಿ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಯಾರು ಎಲ್ಲಿ ನಿಂತಿರುತ್ತಾರೆ ಎಂದು ಬರೆದುಕೋ. ಕೂಲಿಗೆ ಕಾಯುವ ಚೌಕ, ರೇಷನ್ ಅಂಗಡಿ, ಸರಕಾರಿ ಆಸ್ಪತ್ರೆಯ ಹೊರಗಿನ ಸಾಲು, ಟ್ಯಾಂಕರ್ ನಿಲ್ಲುವ ಮೂಲೆ, ಬಸ್ ಸ್ಟ್ಯಾಂಡು, ಸರಕಾರಿ ಶಾಲೆಯ ಹಾದಿ. ನೆರಳು ಬೇಕಾದದ್ದು ಅಲ್ಲಿ. ಅಲ್ಲಿ ಒಂದು ಅರವಟ್ಟಿಗೆ, ಮಣ್ಣಿನ ಹರವಿಯ ತಣ್ಣೀರು, ಕೂರಲು ಕಟ್ಟೆ, ಹೆಂಗಸರಿಗೆ ಬಾಗಿಲಿರುವ ಶೌಚಾಲಯ. ಶೌಚಾಲಯ ಹಸಿರು ಯೋಜನೆಯಲ್ಲಿ ಬರುವುದಿಲ್ಲ ಎಂದಾರು. ಹೊರಗೆ ದುಡಿಯುವ ಹೆಂಗಸರು ಅದಿಲ್ಲದ ಕಾರಣಕ್ಕೇ ನೀರು ಕುಡಿಯದೆ ಇರುತ್ತಾರೆ, ಬಿಸಿಲಿಗೆ ಬೀಳುತ್ತಾರೆ. ನಾನು ಕಂಡಿದ್ದೇನೆ.

ಮನೆಯ ಮಾಡು ನೋಡು. ಹಳೆಯ ಊರಿನ ಕಲ್ಲುಮನೆಗಳು ದಪ್ಪ ಗೋಡೆ, ಇಕ್ಕಟ್ಟು ಓಣಿ, ಜಾಲಂಧ್ರಗಳಿಂದ ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತವೆ, ನಮ್ಮ ಕಡೆಯ ಮಣ್ಣಿನ ಮಾಳಿಗೆಗಳ ಹಾಗೆ. ಊರ ಅಂಚಿನ ಬಸ್ತಿಯ ತಗಡಿನ ಮನೆಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ರಾತ್ರಿಯೂ ಮೈ ಆರುವುದಿಲ್ಲ. ಬಿಸಿಲಿನಿಂದ ಸಾಯುವವರಲ್ಲಿ ಮನೆಯೊಳಗೇ ಸಾಯುವವರಿದ್ದಾರೆ, ಮುದುಕರು, ಕೂಸುಗಳು. 2010ರ ಬೇಸಿಗೆಯಲ್ಲಿ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದು 2013ರಲ್ಲಿ ಬಿಸಿಲಿನ ಹೊಡೆತ ಎದುರಿಸುವ ಯೋಜನೆ ಮಾಡಿತು. ಮುನ್ನೆಚ್ಚರಿಕೆ ಸಾರುವುದು, ಆಸ್ಪತ್ರೆಗಳನ್ನು ತಯಾರು ಮಾಡುವುದು, ಆಮೇಲಾಮೇಲೆ ಬಡವರ ಮಾಡಿಗೆ ಬಿಳಿ ಬಳಿಸುವುದು. ಸುಣ್ಣ ಬಳಿದ ಮಾಡು ಬಿಸಿಲನ್ನು ಹಿಂದಕ್ಕೆ ತಳ್ಳಿ, ಒಳಗಿನ ಬಿಸಿಯನ್ನು ಕೆಲವು ಡಿಗ್ರಿ ಇಳಿಸುತ್ತದೆ. ಖರ್ಚು ಕಡಿಮೆ, ಒಂದೇ ದಿನದ ಕೆಲಸ. ಗಿಡ ನೆಡುವ ಮೊದಲೇ, ನೀನು ಹೋಗುವ ಏಪ್ರಿಲ್ಲಿನಲ್ಲೇ ಮಾಡಿಸಬಹುದಾದ ಕೆಲಸ ಇದೊಂದೇ. ಮಾಡಿಸು. ಮನೆಯ ಹಕ್ಕುಪತ್ರ ಇಲ್ಲದವರನ್ನು ಪಟ್ಟಿಯಿಂದ ಬಿಡಬೇಡ.

ಒಂದು ಕಷ್ಟದ ಮಾತೂ ಇದೆ. ಫಲೋದಿಯ ಸೀಮೆಯ ಭಡ್ಲಾದಲ್ಲಿ 2,245 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ಸುಮಾರು 14,000 ಎಕರೆ. ಕಲ್ಲಿದ್ದಲು ಸುಡುವುದು ನಿಲ್ಲಬೇಕಾದರೆ ಇಂಥವು ಬೇಕು. ಇದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೊಸ ಹೊಸ ಸೋಲಾರ್ ಯೋಜನೆಗಳಿಗೆ ಆ ಕಡೆ ಬನ್ನಿ ಮರಗಳು ಬೀಳುತ್ತಿವೆ, ಮೇವಿನ ನೆಲ ಬೇಲಿಯೊಳಗೆ ಹೋಗುತ್ತಿದೆ. ಬಿಷ್ಣೋಯಿಗಳು ಮತ್ತೆ ಬೀದಿಗೆ ಬಂದಿದ್ದಾರೆ. ದೂರದ ನಗರಗಳಿಗೆ ವಿದ್ಯುತ್ತು, ಇಲ್ಲಿಯ ಕುರಿಗಾಹಿಗೆ ಬೇಲಿ ಎಂದಾದರೆ ನಾನು ಅದನ್ನು ನ್ಯಾಯ ಎನ್ನುವುದಿಲ್ಲ. ನೀನು ಸಣ್ಣ ನೌಕರಿಯವಳು, ಇದನ್ನು ನಿಲ್ಲಿಸಲಾರೆ. ಆದರೆ ಯಾವ ನೆಲ ಓರಣ್, ಯಾವುದು ಆಗೋರ್, ಯಾವುದರಲ್ಲಿ ಎಷ್ಟು ಬನ್ನಿ ಇದೆ ಎಂದು ಸರಿಯಾಗಿ ಬರೆದಿಟ್ಟ ನಕ್ಷೆ ಒಂದು ಇದ್ದರೆ, ಫಲಕಗಳನ್ನು ಅದರಾಚೆ ಹಾಕಿ ಎಂದು ಕೇಳಲು ಊರಿನವರ ಕೈಗೆ ಒಂದು ಆಧಾರ ಸಿಗುತ್ತದೆ. ಆ ನಕ್ಷೆ ಮಾಡುವುದು ನಿನ್ನಿಂದ ಆಗುತ್ತದೆ.

ಮನಸ್ಸು ಕುಗ್ಗಿದ ದಿನ ಖೀಚನ್‌ಗೆ ಹೋಗು. ಫಲೋದಿಯ ಪಕ್ಕದಲ್ಲೇ ಇದೆ. ಚಳಿಗಾಲದಲ್ಲಿ ಮಂಗೋಲಿಯಾ, ಮಧ್ಯ ಏಷ್ಯಾದಿಂದ ಕುರ್ಜಾ ಹಕ್ಕಿಗಳು ಸಾವಿರಗಟ್ಟಲೆ ಬಂದು ಆ ಊರಿನಲ್ಲಿ ಇಳಿಯುತ್ತವೆ. ಊರಿನವರು ತಲೆಮಾರುಗಳಿಂದ ಅವುಗಳಿಗೆ ಬೆಳಿಗ್ಗೆ ಕಾಳು ಹಾಕುತ್ತ ಬಂದಿದ್ದಾರೆ, ಊರಿನ ನೀರಿನ ಕಟ್ಟೆಗಳನ್ನು ಅವುಗಳೊಂದಿಗೆ ಹಂಚಿಕೊಂಡಿದ್ದಾರೆ. 2025ರ ಜೂನ್‌ನಲ್ಲಿ ಖೀಚನ್ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲ, ಎನಿಸಿಕೊಂಡಿತು. ನೀರಿಗೆ ಇಷ್ಟು ತತ್ವಾರವಿರುವ ಜನ ಹಿಮಾಲಯ ದಾಟಿ ಬಂದ ಹಕ್ಕಿಗೆ ಪಾಲು ಕೊಡುತ್ತಾರೆ. ಅಂಥವರ ನಡುವೆ ಕೆಲಸ ಮಾಡಲು ಹೊರಟಿದ್ದೀಯ, ಇದಕ್ಕಿಂತ ಒಳ್ಳೆಯ ನೌಕರಿ ನನಗೆ ಗೊತ್ತಿಲ್ಲ.

ಎರಡು ವರ್ಷಕ್ಕೆ ಮುಗಿಯುವ ಯೋಜನೆ ಅಂದೆ. ಸಾಧ್ಯವಾದರೆ ಐದು ವರ್ಷ ಇರು. ಆಗದಿದ್ದರೆ ಬಿಟ್ಟು ಬರುವ ಮೊದಲು ಆ ಊರಿನದೇ ಒಬ್ಬ ಹುಡುಗಿಯನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿ ಬಾ.

ಜೂನ್ ಕೊನೆಗೋ ಜುಲೈಗೋ ಮೊದಲ ಮಳೆ ಬರುತ್ತದೆ. ಅಂದು ಕಚೇರಿಯಲ್ಲಿ ಕೂರಬೇಡ, ಎಷ್ಟೇ ದೊಡ್ಡ ಮೀಟಿಂಗ್ ಇರಲಿ. ಒಬ್ಬ ಹಿರಿಯ ಕುರಿಗಾಹಿಯನ್ನು ಕೈಮುಗಿದು ಕರೆದುಕೊಂಡು ಯಾವುದಾದರೂ ನಾಡಿಯ ಆಗೋರಿಗೆ ಹೋಗು. ಚಪ್ಪಲಿ ಹೊರಗೆ ಬಿಡು. ನೀರು ಎಲ್ಲಿ ಹುಟ್ಟಿ, ಯಾವ ಹಾದಿ ಹಿಡಿದು, ಎಲ್ಲಿ ತಡವರಿಸಿ, ಎಲ್ಲಿ ನಿಲ್ಲುತ್ತದೆ ಎಂದು ಅವನ ಹಿಂದೆ ನಡೆದು ನೋಡಿ, ಅದನ್ನು ಕೈಯಿಂದಲೇ ಕಾಗದದ ಮೇಲೆ ಬರೆ. ಒಂದು ಪ್ರತಿ ನನಗೂ ಕಳಿಸು.